ಮೊದಲ ಬ್ಯಾಗು

ಸಂಜೆ ಗಂಟೆ ಹೊಡೆದು ಹೊಲಿಗೆ ಯಂತ್ರಗಳೆಲ್ಲ ಒಂದೊಂದಾಗಿ ಬಾಯಿ ಮುಚ್ಚಿದ ಮೇಲೆ, ಆ ಬಟ್ಟೆ ಕಾರ್ಖಾನೆಯ ಗೇಟಿನ ಬಳಿ ಒಂದು ಮೇಜು ಕಾಲು ಬಿಚ್ಚಿ ನಿಲ್ಲುತ್ತಿತ್ತು. ಮಡಚುವ ಕಬ್ಬಿಣದ ಕಾಲುಗಳು, ಮೇಲೆ ತಗಡು. ಅದರ ಹಿಂದೆ ಬ್ಯಾಗು ತಪಾಸಣೆ ಮಾಡುವವನು ನಿಲ್ಲುತ್ತಿದ್ದ. ಕೆಲಸದ ಹೆಂಗಸರು ಅವನನ್ನು ಎದುರಿಗೆ ‘ಅಣ್ಣ’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಎಕ್ಸ್‌ರೇ’ ಅನ್ನುತ್ತಿದ್ದರು. ಅವನಿಗೆ ಎರಡೂ ಗೊತ್ತಿತ್ತು. ಎರಡನೆಯದೇ ಒಳಗೊಳಗೆ ಹೆಚ್ಚು ಇಷ್ಟವಾಗಿತ್ತು.

ಒಳಗಿನಿಂದ ಸಾಲು ಬರುತ್ತಿತ್ತು. ಟೈಲರ್‌ಗಳು, ಇಸ್ತ್ರಿಯವರು, ಗುಂಡಿ ಹಾಕುವವರು, ಮೆಷಿನ್ ರಿಪೇರಿಯ ಗಂಡಸರು, ಎಲ್ಲರಿಗೂ ಒಂದೇ ಗೇಟು, ಒಂದೇ ಸಾಲು. ಆದರೆ ಸಾಲಿನ ತಲೆಯಲ್ಲಿ ಯಾರೇ ನಿಂತಿರಲಿ, ಮೊದಲ ಬ್ಯಾಗು ಅವರದಾಗುತ್ತಿರಲಿಲ್ಲ. ಅವನು ಕತ್ತು ಉದ್ದ ಮಾಡಿ, “ನಮ್ಮನೆಯೋಳು ಮುಂದೆ ಬರಲಿ,” ಎನ್ನುತ್ತಿದ್ದ. ದಾರ ಕತ್ತರಿಸುವ ಟೇಬಲ್ಲಿನಲ್ಲಿ ಕೆಲಸ ಮಾಡುವ ಅವನ ಹೆಂಡತಿ ಸಾಲಿನ ನಡುವಿನಿಂದ ಮುಂದೆ ಬಂದು, ತಗಡಿನ ಮೇಲೆ ಬ್ಯಾಗನ್ನು ಬೋರಲು ಮಾಡುತ್ತಿದ್ದಳು. ಊಟದ ಡಬ್ಬಿ, ಬಾಚಣಿಗೆ, ಕನ್ನಡಕದ ಪೆಟ್ಟಿಗೆ, ಬಸ್ ಪಾಸು, ಲಾಡಿ ಎಳೆದು ಕಟ್ಟುವ ನೀಲಿ ಬಟ್ಟೆಯ ಒಂದು ಸಣ್ಣ ಚೀಲ. ಅವನು ಡಬ್ಬಿಯ ತಳ ಬಡಿದು ನೋಡುತ್ತಿದ್ದ. ಬಾಚಣಿಗೆಯನ್ನು ಬೆಳಕಿಗೆ ಹಿಡಿಯುತ್ತಿದ್ದ. ನೀಲಿ ಚೀಲದ ಲಾಡಿಯನ್ನೂ ಬಿಚ್ಚುತ್ತಿದ್ದ. ಅದರೊಳಗೆ ಇರುವುದು ತಿಂಗಳ ದಿನಗಳ ಬಟ್ಟೆ ಎಂದು ಅವನಿಗೂ ಗೊತ್ತು, ಸಾಲಿನಲ್ಲಿರುವ ಹೆಂಗಸರಿಗೂ ಗೊತ್ತು. ಗೊತ್ತಿಲ್ಲದಂತೆ ಕತ್ತು ಚಾಚಿ ನೋಡುತ್ತಿದ್ದವರು ಗಂಡಸರು ಮಾತ್ರ.

ಇದಕ್ಕೊಂದು ಕಾರಣವಿತ್ತು. ಅವನನ್ನು ಗೇಟಿಗೆ ಹಾಕಿದ ಹೊಸದರಲ್ಲಿ ಯಾರೋ, “ಇನ್ನೇನು ಬಿಡಿ, ಬೇಲಿಗೇ ಹೊಲ ಒಪ್ಪಿಸಿದ ಹಾಗಾಯ್ತು. ಎಲ್ಲಾರ ಬ್ಯಾಗೂ ಮೇಜಿನ ಮೇಲೆ, ಹೆಂಡ್ತಿ ಬ್ಯಾಗು ಮೇಜಿನ ಕೆಳಗೆ,” ಎಂದಿದ್ದರು. ಯಾರು ಅಂದರೆಂದು ಅವನು ಬಹಳ ದಿನ ಹುಡುಕಿದ. ಸಿಗಲಿಲ್ಲ. ಸಿಗದ ಆ ಬಾಯಿಗೆ ಉತ್ತರ ಕೊಡಲೆಂದೇ ಮೊದಲ ಬ್ಯಾಗು ಹೆಂಡತಿಯದಾಯಿತು. ಮಗಳು ಆಗ ಹಾಲು ಬಿಟ್ಟಿರಲಿಲ್ಲ. ಈಗ ಅವಳು ಕಾಲೇಜಿಗೆ ಹೋಗುತ್ತಿದ್ದಳು. ಉತ್ತರ ಕೊಡುವುದು ಮಾತ್ರ ಇನ್ನೂ ಮುಗಿದಿರಲಿಲ್ಲ.

ಅನುಮಾನ ಅವನಿಗೆ ಸಂಬಳಕ್ಕೆ ಕಲಿತ ವಿದ್ಯೆಯಲ್ಲ, ರಕ್ತದಲ್ಲೇ ಬಂದದ್ದು. ಅವನ ಅಪ್ಪ ಊರಿನಲ್ಲಿ ಇನ್ನೊಬ್ಬರ ಕಣ ಕಾಯುತ್ತಿದ್ದವನು. ಕಾಳಿನ ರಾಶಿಯ ಮೇಲೆ ಬೂದಿಯಿಂದ ಗೆರೆ ಎಳೆದಿಟ್ಟು, ಬೆಳಗ್ಗೆ ಗೆರೆ ಕದಡಿದೆಯೇ ಎಂದು ಮೊಣಕಾಲೂರಿ ನೋಡುತ್ತಿದ್ದವನು. ಬೂದಿಯ ಗೆರೆ ಹೋಗಿ ಮಗನ ಕಾಲಕ್ಕೆ ಬಿಳಿ ದಾರ ಬಂದಿತ್ತು. ಮನೆಯ ಬೀರುವಿನ ಹಿಡಿಗೆ, ಅಕ್ಕಿ ಡಬ್ಬದ ಮುಚ್ಚಳಕ್ಕೆ, ಸೈಕಲ್ಲಿನ ಬೆಲ್ಲಿಗೆ ಅವನು ಕಣ್ಣಿಗೆ ಕಾಣದಂಥ ದಾರ ಕಟ್ಟುತ್ತಿದ್ದ. ದಾರ ಹರಿದಿದ್ದರೆ ಯಾರೋ ಮುಟ್ಟಿದ್ದಾರೆ. ಮುಟ್ಟಿದವರು ಸಾಮಾನ್ಯವಾಗಿ ಹೆಂಡತಿ ಅಥವಾ ಮಗಳೇ ಆಗಿರುತ್ತಿದ್ದರು. ಅನ್ನ ಬೇಯಬೇಕಾದರೆ ಅಕ್ಕಿ ಡಬ್ಬ ತೆರೆಯಲೇಬೇಕಲ್ಲ. ಆದರೂ ಅವನು ಕೇಳುತ್ತಿದ್ದ. ಮೊಸರಿನಲ್ಲಿ ಕಲ್ಲು ಹುಡುಕುವವನಿಗೆ ಕಲ್ಲು ಸಿಗದಿದ್ದರೆ, ಯಾರೋ ಮೊದಲೇ ತೆಗೆದಿಟ್ಟಿದ್ದಾರೆ ಎಂದೇ ಅನ್ನಿಸುವುದು.

ಅಂಥವನ ಕಿವಿಗೆ ಒಂದು ಸಂಜೆ ಪಾತ್ರೆ ತೊಳೆಯುವ ಸದ್ದಿನ ನಡುವೆ ಒಂದು ಪಿಸುಮಾತು ಬಿತ್ತು.

“ಹೀ ಹ್ಯಾಸ್... ಹೀ ಹ್ಯಾಸ್... ಶೀ ಹ್ಯಾಸ್... ಹೀ ಹ್ಯಾಸ್.”

ಅವನು ಅಡುಗೆ ಮನೆಯ ಬಾಗಿಲಿಗೆ ಬಂದ ಕೂಡಲೇ ಪಿಸುಮಾತು ನಿಂತಿತು. ಹೆಂಡತಿ ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದಳು.

“ಏನೋ ಅಂತಿದ್ದೆ?”

“ಏನಿಲ್ಲ ರೀ. ಪದ ಗುನುಗ್ತಿದ್ದೆ.”

ಅವಳು ಪದ ಗುನುಗಿದ್ದನ್ನು ಮದುವೆಯಾದಾಗಿನಿಂದ ಅವನು ಕೇಳಿರಲಿಲ್ಲ. ಸೀದಾ ಮಗಳ ಬಳಿ ಹೋದ. ಮಗಳು ಮಂಚದ ಮೇಲೆ ಪುಸ್ತಕ ಹರಡಿಕೊಂಡಿದ್ದಳು.

“ಮಗಳೇ, ಹೀ ಅಂದ್ರೆ?”

“ಅವನು.”

“ಯಾರವನು?”

“ಯಾರೋ ಒಬ್ಬ ಅಪ್ಪ. ಯಾವನಾದ್ರೂ ಆಗಬಹುದು.”

“ಹ್ಯಾಸ್ ಅಂದ್ರೆ?”

“ಇದೆ ಅಂತ. ಅವನ ಹತ್ರ ಇದೆ, ಅವನಿಗೆ ಇದೆ.”

“ಏನಿದೆ ಅವನ ಹತ್ರ?”

“ಅಯ್ಯೋ, ನಂಗೇನ್ ಗೊತ್ತಪ್ಪ? ಮುಂದಿನ ಮಾತು ಕೇಳಿದ್ರೆ ತಾನೇ ಗೊತ್ತಾಗೋದು! ಕಾರಿದೆಯೋ, ಮನೆಯಿದೆಯೋ, ಹಲ್ಲುನೋವಿದೆಯೋ.”

ಮಗಳು ನಕ್ಕಳು. ಆ ನಗುವಿನಲ್ಲೂ ಅವನಿಗೊಂದು ಎಳೆ ಕಂಡಿತು. ಇವಳಿಗೂ ಏನೋ ಗೊತ್ತಿದೆ. ಕಾರಿರುವ ಒಬ್ಬ ‘ಅವನು’, ಮನೆಯಿರುವ ಒಬ್ಬ ‘ಅವನು’ ಆ ದಿನದಿಂದ ಅವನ ತಲೆಯಲ್ಲಿ ಬಿಡಾರ ಹೂಡಿದರು. ಹಲ್ಲುನೋವಿರುವವನನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹುಡುಕಲು ಕೂತ ಮೇಲೆ ಗುರುತುಗಳಿಗೆ ಬರವೇ? ಹೆಂಡತಿ ತಲೆ ಬಾಚುವಾಗ ಕನ್ನಡಿಯ ಮುಂದೆ ಬಾಯಿ ಅಗಲಿಸಿ, ಕಿರಿದು ಮಾಡಿ ನೋಡಿಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಕೂತಾಗ ತುಟಿ ಅಲುಗುತ್ತಿತ್ತು. ಅವನು ಅವಳ ಬ್ಯಾಗಿನ ಕೊಂಡಿಗೆ ದಾರ ಕಟ್ಟಿದ. ಸಂಜೆ ಅದು ಹರಿದಿತ್ತು, ಊಟದ ಡಬ್ಬಿ ತೆಗೆದಿದ್ದಳಲ್ಲ. ಮೇಜಿನ ಮೇಲೆ ಬೋರಲಾದ ಬ್ಯಾಗಿನಿಂದ ಬಿದ್ದವು ಅವೇ ಡಬ್ಬಿ, ಬಾಚಣಿಗೆ, ನೀಲಿ ಚೀಲ. ಖಾಲಿ ಬ್ಯಾಗಿಗಿಂತ ಅನುಮಾನದ ವಸ್ತು ಇನ್ನೊಂದಿಲ್ಲ ಎಂದು ಅವನು ಹೊಸ ಕಾವಲುಗಾರರಿಗೆ ಹೇಳಿಕೊಡುತ್ತಿದ್ದ. ಏನೂ ಇಲ್ಲದ ಕಡೆಯೇ ಏನೋ ಇರುವುದು.

ಕೊನೆಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಊಟದ ಹಾಲಿಗೆ ಹೋಗುತ್ತಿರಲಿಲ್ಲ. ಕಾರ್ಖಾನೆಯ ಹಿಂಬದಿಯಲ್ಲಿ, ಕೆಲಸದವರ ಎಳೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯಿತ್ತು. ಅಲ್ಲಿಗೆ ಹೋಗುತ್ತಿದ್ದಳು. ಅವಳೊಬ್ಬಳೇ ಅಲ್ಲ, ಇನ್ನೂ ಕೆಲವರು. ತೊಟ್ಟಿಲಲ್ಲಿ ಮಗುವಿರುವ ತಾಯಂದಿರು ಹೋದರೆ ಸರಿ, ಕಾಲೇಜಿಗೆ ಹೋಗುವ ಮಗಳ ತಾಯಿಗೆ ಅಲ್ಲೇನು ಕೆಲಸ?

ಮರುದಿನ ಅವನು ಮಕ್ಕಳ ಕೋಣೆಯ ಹೊರಗೋಡೆಗೆ ನೇತುಹಾಕಿದ್ದ, ಬೆಂಕಿ ನಂದಿಸುವ ಮರಳಿನ ಕೆಂಪು ಬಕೆಟ್ಟುಗಳನ್ನು ನೋಡುವ ನೆಪದಲ್ಲಿ ಹೋದ. ಮೇಲೆ ಗಾಳಿಕಿಂಡಿಯಿತ್ತು. ಒಂದು ಬಕೆಟ್ಟನ್ನು ಇಳಿಸಿ, ಅದರ ಮರಳನ್ನು ಕೈಯಲ್ಲಿ ಕದಡುತ್ತಾ ಕಿವಿಯನ್ನು ಕಿಂಡಿಯ ಕಡೆ ಮಾಡಿ ನಿಂತ.

ಒಳಗೆ ಮಾತಾಡುತ್ತಿದ್ದವಳು ಮಕ್ಕಳನ್ನು ನೋಡಿಕೊಳ್ಳುವ ಟೀಚರಮ್ಮ. ಒಂದು ಕಾಲದಲ್ಲಿ ಯಾವುದೋ ಸಣ್ಣ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ, ಶಾಲೆ ಮುಚ್ಚಿದ ಮೇಲೆ ತೊಟ್ಟಿಲು ತೂಗಲು ಬಂದವಳು.

“ನಮ್ಮ ಮಾತಲ್ಲಿ ‘ನನ್ನ ಹತ್ರ ಕತ್ತರಿ ಇದೆ’ ಅಂತೀವಿ. ‘ನನಗೆ ಸೊಂಟನೋವಿದೆ’ ಅಂತೀವಿ. ‘ನನಗೊಬ್ಳು ಮಗಳಿದಾಳೆ’ ಅಂತೀವಿ. ಒಂದೊಂದಕ್ಕೆ ಒಂದೊಂದು ಥರ. ಅವರದ್ದು ಹಾಗಲ್ಲ. ಕತ್ತರಿ, ಸೊಂಟನೋವು, ಮಗಳು, ಎಲ್ಲಾನೂ ಒಂದೇ ಗಂಟಲ್ಲಿ ಕಟ್ಟಿಬಿಡ್ತಾರೆ. ಐ ಹ್ಯಾವ್. ಮುಗೀತು.”

“ಸೊಂಟನೋವನ್ನೂ ಗಂಟು ಕಟ್ಕೊಂಡು ಓಡಾಡ್ತಾರಾ ಟೀಚರಮ್ಮ?” ಎಂದಿತು ಒಂದು ಧ್ವನಿ. ಕಾಲರ್ ಹೊಲಿಯುವ ಹೆಂಗಸಿನದು.

“ಹಂಗಾದ್ರೆ ಗೇಟಲ್ಲಿ ಎಕ್ಸ್‌ರೇ ಅದನ್ನೂ ಬಿಚ್ಚಿಸಿ ನೋಡ್ತಾನೆ ಬಿಡು,” ಎಂದಿತು ಇನ್ನೊಂದು.

ನಗು ಕಿಂಡಿಯಿಂದ ಹೊರಗೆ ಚೆಲ್ಲಿತು. ತೊಟ್ಟಿಲಲ್ಲಿ ಯಾವುದೋ ಮಗು ಬೆಚ್ಚಿ ಅತ್ತಿತು. ಆ ನಗುವಿನಲ್ಲಿ ತನ್ನ ಹೆಂಡತಿಯದು ಇತ್ತೇ ಎಂದು ಅವನು ಕಿವಿಗೊಟ್ಟ. ತಿಳಿಯಲಿಲ್ಲ. ಅವಳು ಜೋರಾಗಿ ನಕ್ಕರೆ ಹೇಗಿರುತ್ತದೆ ಎಂದು ಅವನಿಗೆ ಮರೆತುಹೋಗಿತ್ತು.

“ನಾನು, ನೀನು, ನಾವು, ಅವರು, ಇವರಿಗೆಲ್ಲ ಹ್ಯಾವ್. ಅವನು, ಅವಳು, ಅದು, ಇವಕ್ಕೆ ಹ್ಯಾಸ್,” ಟೀಚರಮ್ಮ ಮಗುವನ್ನು ತಟ್ಟುತ್ತಾ ಮುಂದುವರಿಸಿದಳು. “ಮರ್ತುಹೋದ್ರೆ ಹೀಗೆ ನೆನಪಿಟ್ಕೊಳ್ಳಿ. ಒಬ್ಬರ ಮೇಲೆ ಚಾಡಿ ಹೇಳೋವಾಗ ಹ್ಯಾಸ್.”

“ಇಬ್ಬರ ಮೇಲೆ ಹೇಳಿದ್ರೆ?”

“ಆಗ ಅವರು ಅಂತಾಯ್ತಲ್ಲ, ಮತ್ತೆ ಹ್ಯಾವ್. ಇನ್ನೊಂದು. ಇಲ್ಲ ಅನ್ನೋವಾಗ ಶೀ ಡಸಂಟ್ ಹ್ಯಾಸ್ ಅನ್ಬೇಡಿ. ಡಸಂಟ್ ಬಂತು ಅಂದ್ರೆ ಹ್ಯಾಸ್ ಅನ್ನೋದು ವಾಪಸ್ ಹ್ಯಾವ್ ಆಗುತ್ತೆ. ಶೀ ಡಸಂಟ್ ಹ್ಯಾವ್. ಇರೋದು ಒಂದೇ ಗುಂಡಿ, ಎರಡು ಕಡೆ ಹಾಕೋಕಾಗಲ್ಲ.”

ಗೋಡೆಯಾಚೆ ನಿಂತವನ ಎದೆಯ ಮೇಲಿಂದ ಒಂದು ಮೂಟೆ ಇಳಿಯಿತು. ಓಹೋ, ಇಷ್ಟೇನಾ! ಕಾರಿರುವವನೂ ಇಲ್ಲ, ಮನೆಯಿರುವವನೂ ಇಲ್ಲ. ಬರೀ ಪಾಠ. ಬಕೆಟ್ಟನ್ನು ಮತ್ತೆ ಕೊಕ್ಕೆಗೆ ಹಾಕಲು ಎತ್ತಿದ. ಆದರೆ ಅವನ ಕೈ ಸುಮ್ಮನಾದರೂ ತಲೆ ಸುಮ್ಮನಾಗುವಂಥದ್ದಲ್ಲ. ಈ ವಯಸ್ಸಿಗೆ ಪಾಠ ಯಾಕೆ? ಅದೂ ಕದ್ದು ಯಾಕೆ?

ಉತ್ತರ ತಾನಾಗಿಯೇ ಬಂತು.

“ಪ್ರತಿ ಸಲ ಬಟ್ಟೆ ಕೊಳ್ಳೋ ಪರದೇಶದ ಕಂಪನಿಯಿಂದ ಜನ ಬರ್ತಾರೆ, ನಿಮ್ಮನ್ನ ಕಷ್ಟಸುಖ ಕೇಳ್ತಾರೆ,” ಎಂದಳು ಟೀಚರಮ್ಮ. “ನೀವು ಕೊಡದಷ್ಟು ಹೇಳ್ತೀರ, ನಮ್ಮ ಎಚ್‌ಆರ್ ಸಾಹೇಬ್ರು ಲೋಟದಷ್ಟು ಮಾಡಿ ಅವರಿಗೆ ಹೇಳ್ತಾರೆ. ಈ ಸಲ ಬರೋದು ಒಬ್ಬ ಹೆಂಗಸು. ನೀವೇ ಬಾಯಿ ಬಿಡ್ಬೇಕು. ಉದ್ದ ಬೇಡ, ಒಬ್ಬೊಬ್ರು ಎರಡೆರಡೇ ಮಾತು. ಯಾರು ಸಿಕ್ಕಿದ್ರೂ ಅಷ್ಟು ಹೇಳಿ. ಎಲ್ಲಿ ದಾರದ ಟೇಬಲ್ ಅಕ್ಕ, ನಿನ್ನದು ಹೇಳು. ಮೊದಲು ನಮ್ಮ ಮಾತಲ್ಲಿ.”

ಅವನ ಹೆಂಡತಿ ಗಂಟಲು ಸರಿಮಾಡಿಕೊಂಡಳು.

“ಗೇಟಲ್ಲಿರೋ ಮನುಷ್ಯನ ಹತ್ರ ಒಂದು ಮೇಜಿದೆ,” ಎಂದಳು. “ಅದರ ಮೇಲೆ ಎಲ್ಲಾರ ಎದುರಿಗೆ ನಮ್ಮ ಬ್ಯಾಗು ಸುರೀಬೇಕು. ಅಲ್ಲಿ ನಮಗೆ ಒಂದು ಪರದೆ ಇಲ್ಲ.”

“ಈಗ ಅವರ ಮಾತಲ್ಲಿ.”

“ಹೀ ಹ್ಯಾಸ್ ಎ ಟೇಬಲ್,” ಎಂದಳು ಅವಳು ನಿಧಾನವಾಗಿ. “ವೀ ಡೋಂಟ್ ಹ್ಯಾವ್ ಎ ಕರ್ಟನ್.”

“ಭೇಷ್!”

ಹೊರಗೆ ಬಕೆಟ್ಟು ಕೊಕ್ಕೆ ತಪ್ಪಿ ಅವನ ಪಾದದ ಮೇಲೆ ಮರಳು ಸುರಿಯಿತು. ‘ಅವನು’ ಒಬ್ಬನಿದ್ದಾನೆ ಎಂಬ ಅವನ ಅನುಮಾನ ಸುಳ್ಳಾಗಿರಲಿಲ್ಲ. ಇದ್ದ. ಅವನೇ ಇವನು.

ಆ ಮಧ್ಯಾಹ್ನ ಅವನಿಗೆ ಊಟ ಇಳಿಯಲಿಲ್ಲ. ಬರಲಿರುವ ಹೆಂಗಸಿನ ಕಿವಿಗೆ ಈ ಮಾತು ಬಿದ್ದರೆ ಮಾಲೀಕರು ಏನು ಮಾಡುತ್ತಾರೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಪ್ಪು ಗೇಟಿನವನದು ಎನ್ನುತ್ತಾರೆ. ಈ ವಯಸ್ಸಿನಲ್ಲಿ ಗೇಟಿನಿಂದ ತಳ್ಳಿಸಿಕೊಂಡವನನ್ನು ಇನ್ನೊಂದು ಗೇಟು ಕರೆಯುವುದಿಲ್ಲ. ಅವನೇ ಮೊದಲು ಹೋಗಿ ಎಚ್‌ಆರ್ ಸಾಹೇಬರಿಗೆ ಒಂದು ಮಾತು ಹೇಳಿದರೆ ಗೇಟು ಉಳಿಯುತ್ತದೆ. ಆದರೆ ಆಗ ಮಕ್ಕಳ ಕೋಣೆಯ ಹೆಂಗಸರೆಲ್ಲ ಮನೆಗೆ, ತನ್ನ ಹೆಂಡತಿಯೂ ಸೇರಿ. ಉಗುಳಲೂ ಆಗದ, ನುಂಗಲೂ ಆಗದ ತುತ್ತು.

ಸಂಜೆ ಮೊದಲ ಬ್ಯಾಗು ಎಂದಿನಂತೆ ಬೋರಲಾಯಿತು. ನೀಲಿ ಚೀಲದ ಲಾಡಿಯನ್ನು ಅವನು ಎಂದಿನಂತೆಯೇ ಬಿಚ್ಚಿದ. ಆದರೆ ಆ ದಿನ ಅವನು ಚೀಲವನ್ನು ಬಿಟ್ಟು ಅವಳ ಮುಖ ನೋಡಿದ. ಅವಳು ಎಲ್ಲಿಯೂ ನೋಡುತ್ತಿರಲಿಲ್ಲ. ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕೂತವರು ಸೂರು ನೋಡುವಂತೆ ನೋಡುತ್ತಿದ್ದಳು. ಸಾಲಿನಲ್ಲಿ ಒಬ್ಬ ಮೆಕ್ಯಾನಿಕ್, “ಅಣ್ಣಂಗೆ ಮನೇಲಿ ನೋಡಿದ್ದು ಸಾಲಲ್ಲ ಅಂತ ಕಾಣುತ್ತೆ,” ಎಂದ. ಯಾವಾಗಲೂ ಯಾರಾದರೂ ಹೀಗೆ ಅನ್ನುತ್ತಿದ್ದರು. ಆದರೆ ಅದು ತನಗೆ ಅಂದದ್ದಲ್ಲ, ಅವಳಿಗೆ ತಾಗುವಂತೆ ಅಂದದ್ದು ಎಂದು ಅವನಿಗೆ ಹೊಳೆದದ್ದು ಅದೇ ಮೊದಲು.

ಹೊಳೆಯಿತು ಎಂದ ಮಾತ್ರಕ್ಕೆ ಸಿಟ್ಟು ಇಳಿಯಬೇಕೆಂದಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಬಾಯಿ ತೆರೆದ.

“ಪರದೆ ಬೇಕಂತೆ, ಪರದೆ! ನಾಟಕದ ಕಂಪನಿ ಇದು, ಅಲ್ವಾ?”

ಹೆಂಡತಿಯ ಕೈ ಚಿಲಕದ ಮೇಲೇ ನಿಂತಿತು. “ಯಾರು ಹೇಳಿದ್ರು ನಿಮಗೆ?”

“ಗೋಡೆ ಹೇಳ್ತು. ನನಗೆ ಗೋಡೆಗಳೂ ಮಾತಾಡ್ತವೆ. ಕಟ್ಕೊಂಡ ಗಂಡನ ಮೇಲೆ ಪರದೇಶದೋಳ ಹತ್ರ ಚಾಡಿ ಹೇಳೋಕೆ ಪಾಠ ಬೇರೆ!”

“ಗಂಡನ ಮೇಲೆ ಅಲ್ಲ. ಗೇಟಿನವನ ಮೇಲೆ.”

“ಎರಡೂ ನಾನೇ ತಾನೇ?”

“ಅದನ್ನ ನೀವು ಆ ಮೇಜಿನ ಹಿಂದೆ ನಿಂತಾಗ ನೆನಪಿಟ್ಕೊಂಡಿದ್ರೆ ನಾನು ಈ ವಯಸ್ಸಲ್ಲಿ ಹ್ಯಾವು ಹ್ಯಾಸು ಅಂತ ಬಾಯಿ ನೋಯಿಸ್ಕೋಬೇಕಿರಲಿಲ್ಲ,” ಎಂದಳು ಅವಳು. ಧ್ವನಿ ಏರಿರಲಿಲ್ಲ. “ಎಲ್ಲಾರ ಬ್ಯಾಗೂ ನೋಡಿ, ನಿಮ್ಮ ಕೆಲಸ ಅದು. ಆದ್ರೆ ನಾನೇ ಯಾಕೆ ಮೊದಲು? ಮದುವೆ ಮನೆಗೆ ದಾರಿ ತೋರಿಸೋ ಬೋರ್ಡಿನ ಹಾಗೆ ನನ್ನನ್ನ ಮುಂದೆ ನಿಲ್ಲಿಸ್ತೀರ. ಅವಳನ್ನೇ ಬಿಡಲಿಲ್ಲ, ನಮ್ಮನ್ನ ಬಿಡ್ತಾನಾ ಅಂತ ಎಲ್ಲಾರೂ ಮಾತಿಲ್ದೆ ಸುರೀತಾರೆ.”

“ಯಾರೂ ಬೆರಳು ತೋರಿಸಬಾರದು ಅಂತ ಮಾಡಿದ್ದು.”

“ತೋರಿಸ್ತಿದ್ದಾರಲ್ಲ, ನನ್ನ ಕಡೆಗೆ.”

ಮಗಳು ಒಳಗಿನಿಂದ, “ಅಪ್ಪ, ಅಮ್ಮ, ಪಕ್ಕದ ಮನೆಯೋರು ಟೀವಿ ಸೌಂಡ್ ಕಡಿಮೆ ಮಾಡಿದ್ರು, ನಿಮ್ಮದು ಕೇಳೋಕೆ,” ಎಂದಳು. ಮಾತು ಅಲ್ಲಿಗೆ ನಿಂತಿತು. ಊಟಕ್ಕೆ ಕೂತಾಗ ಹೆಂಡತಿ ಒಂದೇ ಒಂದು ಪ್ರಶ್ನೆ ಕೇಳಿದಳು.

“ಸಾಹೇಬ್ರಿಗೆ ಹೇಳ್ತೀರ?”

ಕೇಳಿ ಅವನನ್ನೇ ನೋಡಿದಳು. ಆ ನೋಟವನ್ನು ಅವನು ಎಲ್ಲೋ ಕಂಡಿದ್ದ. ಎಲ್ಲಿ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅದು ಅವನದೇ ನೋಟ. ಊಟದ ಡಬ್ಬಿಯ ತಳ ಬಡಿಯುವ ಮೊದಲು ಅವನು ಜನರ ಮುಖದ ಮೇಲೆ ಹಾಯಿಸುತ್ತಿದ್ದ ನೋಟ. ತನ್ನ ಮೇಲೆ ಬಿದ್ದಾಗ ಅದು ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ತಪ್ಪು ಮಾಡದಿದ್ದರೂ ಜೇಬು ಮುಟ್ಟಿ ನೋಡಿಕೊಳ್ಳುವಂತೆ ಮಾಡುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಒರೆಸಿಕೊಂಡವರನ್ನು ಅವನು ಎಷ್ಟು ಸಲ ಗೇಟಿನಲ್ಲಿ ಹಿಡಿದಿದ್ದ. ಅವರಲ್ಲಿ ಎಷ್ಟು ಜನರ ಬಳಿ ನಿಜವಾಗಿ ಏನಾದರೂ ಸಿಕ್ಕಿತ್ತು?

ಅವನು ಕೈ ತೊಳೆಯಲು ಎದ್ದ. ಅವಳು ಎರಡನೇ ಸಲ ಕೇಳಲಿಲ್ಲ. ಆ ದಿನದಿಂದ ಅವಳು ಮನೆಯಲ್ಲಿ ತುಟಿ ಅಲುಗಿಸುವುದನ್ನೇ ಬಿಟ್ಟಳು. ಅವನು ಕೋಣೆಗೆ ಬಂದರೆ ಮಗಳೂ ಅಮ್ಮನೂ ಹವಾಮಾನದ ಬಗ್ಗೆ ಮಾತಾಡತೊಡಗಿದರು.

ಎಚ್‌ಆರ್ ಸಾಹೇಬ ಎಳೆಯ ವಯಸ್ಸಿನವನು. ಬೂಟಿಗೆ ದಿನವೂ ಹೊಳಪು ಹಚ್ಚಿಸಿಕೊಳ್ಳುವವನು. ಅವನಿಗೂ ಮೂಗಿತ್ತು. ಪರದೇಶದ ಹೆಂಗಸು ಬರುವ ಹಿಂದಿನ ದಿನ ಬೆಳಗ್ಗೆ ಗೇಟಿನ ಬಳಿ ಕಾರು ನಿಲ್ಲಿಸಿ, ಕಿಟಕಿ ಇಳಿಸಿದ.

“ಏನಯ್ಯಾ, ಮಕ್ಕಳ ರೂಮಲ್ಲಿ ಮಧ್ಯಾಹ್ನ ಸಭೆ ಸೇರ್ತಾರಂತೆ? ನಿನ್ನ ಕಣ್ಣು ತಪ್ಪಿಸಿ ಇಲ್ಲಿ ನೊಣಾನೂ ಹಾರಲ್ಲ ಅಂತಾರೆ. ಏನು ನಡೀತಿದೆ ಅಲ್ಲಿ?”

ಬಾಯಿಯ ತುದಿಯಲ್ಲೇ ಇತ್ತು. ಒಂದು ಮಾತು, ಅಷ್ಟೆ. ಆದರೆ ಅವನು ಕಾರಿನ ಹೊಳೆಯುವ ಬಾಗಿಲಲ್ಲಿ ತನ್ನ ಮುಖ ಕಂಡು, “ಅಲ್ಲಾ ಸಾರ್, ಅ ಆ ಇ ಈ ಕಲಿಸ್ತಾರೆ ಸಾರ್. ಮಕ್ಕಳಿಗೆ,” ಎಂದ.

“ನೋಡಿದ್ಯಾ?”

“ಕಿವಿಯಾರೆ ಕೇಳಿದೀನಿ ಸಾರ್.”

ಸಾಹೇಬ ಕಣ್ಣು ಕಿರಿದು ಮಾಡಿದ. “ನಿನ್ನನ್ನ ನಂಬಬಹುದು, ಅಲ್ವಾ?”

ಕಿಟಕಿ ಏರಿತು. ಇಷ್ಟು ವರ್ಷದಲ್ಲಿ ಆ ಗೇಟಿನಲ್ಲಿ ಅವನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಕೇಳಿದ ದಿನವೇ ಅವನು ಸುಳ್ಳು ಹೇಳಿದ್ದ. ಇದನ್ನು ಹೆಂಡತಿಗೆ ಹೇಳೋಣವೆಂದು ಸಂಜೆಯಿಡೀ ಹವಣಿಸಿದ. ಹೇಳಿದರೆ ಅವಳು ನಂಬುವುದಿಲ್ಲ ಎಂದು ಅನ್ನಿಸಿತು. ತಾನಾಗಿದ್ದರೆ ನಂಬುತ್ತಿರಲಿಲ್ಲ.

ಪರದೇಶದ ಹೆಂಗಸು ಬಂದಳು. ನರೆತ ಕೂದಲು, ಎತ್ತರವಿಲ್ಲದ ಚಪ್ಪಲಿ, ಕೈಯಲ್ಲಿ ನೀರಿನ ಬಾಟಲಿ. ಹಗಲೆಲ್ಲ ಯಂತ್ರಗಳ ನಡುವೆ ಓಡಾಡಿದಳು. ಕಾರ್ಖಾನೆಯ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಎಂದೂ ಕಾಣದ ಸಾಬೂನು ಬಚ್ಚಲಿನಲ್ಲಿ ಕೂತಿತ್ತು. ಗಂಟೆ ಹೊಡೆಯಲು ಸ್ವಲ್ಪ ಮೊದಲು ಸಾಹೇಬ ಓಡುತ್ತಾ ಗೇಟಿಗೆ ಬಂದ.

“ಇವತ್ತು ಚೆಕಿಂಗ್ ಇಲ್ಲ. ಮೇಜು ಎತ್ತಿ ಜನರೇಟರ್ ಶೆಡ್ಡಿನ ಹಿಂದೆ ಹಾಕು. ಆಯಮ್ಮ ಗೇಟಲ್ಲಿ ನಿಂತು ಜನ ಹೋಗೋದು ನೋಡ್ತಾಳಂತೆ.”

ಅವನು ಮೇಜಿನ ಕಾಲು ಮಡಚಿ ಬಗಲಿಗೆ ಸಿಕ್ಕಿಸಿಕೊಂಡು ನಡೆದ. ಅದೇ ಹೊತ್ತಿಗೆ ಗಂಟೆ ಹೊಡೆಯಿತು. ಶೆಡ್ಡಿನ ತಿರುವಿನಲ್ಲಿ ಹೆಂಡತಿ ಎದುರಾದಳು. ಅವಳು ಮೇಜು ನೋಡಿದಳು, ಅವನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿದ್ದರೂ ಅವನು ತಡೆದುಕೊಳ್ಳುತ್ತಿದ್ದ. ಅಲ್ಲಿ ಇದ್ದದ್ದು ‘ಗೊತ್ತಿತ್ತು’ ಎಂಬ ಭಾವ. ತಳ ಬಡಿದ ಡಬ್ಬಿಯಿಂದ ನಿಜವಾಗಿಯೂ ಮಾಲು ಬಿದ್ದಾಗ ತನ್ನ ಮುಖದಲ್ಲಿ ಇರುತ್ತಿದ್ದಂಥದ್ದು. “ನಾನಲ್ಲ ಕಣೇ, ಸಾಹೇಬ್ರೇ...” ಎಂದು ಅವನು ಶುರು ಮಾಡುವಷ್ಟರಲ್ಲಿ ಅವಳು ಸಾಲಿಗೆ ಸೇರಿ ಆಗಿತ್ತು.

ಸಾಲು ನಿಲ್ಲದೆ ಸರಾಗವಾಗಿ ಹೊರಟಿತು. ಗೇಟಿನ ಬಳಿ ಪರದೇಶದ ಹೆಂಗಸು ನಿಂತು ನಡುನಡುವೆ ಒಬ್ಬೊಬ್ಬರನ್ನು ಕೈಮಾಡಿ ಕರೆಯುತ್ತಿದ್ದಳು. ಕಾಲರ್ ಹೊಲಿಯುವವಳನ್ನು ಕರೆದಳು. ಅವಳ ಬಾಯಿ ಕಟ್ಟಿಹೋಯಿತು. ಬರೀ ನಕ್ಕು ಓಡಿದಳು. ಆಮೇಲೆ ಆ ಕೈ ಅವನ ಹೆಂಡತಿಯ ಕಡೆ ಚಾಚಿತು.

ಸಾಹೇಬ ಪಕ್ಕದಲ್ಲೇ ಬಾಗಿ ನಿಂತ, ಲೋಟ ಹಿಡಿದು ತಯಾರಾದವನಂತೆ. ಆದರೆ ಅವಳು ಅವನ ಕಡೆ ತಿರುಗಲೇ ಇಲ್ಲ. ಬ್ಯಾಗನ್ನು ಎದೆಗೆ ಅವುಚಿಕೊಂಡು, ಕನ್ನಡಿಯ ಮುಂದೆ ಅಗಲಿಸಿ ಕಿರಿದುಗೊಳಿಸಿ ಪಳಗಿಸಿದ ಬಾಯಿಯಿಂದ ಒಂದೊಂದೇ ಮಾತು ಇಟ್ಟಳು.

“ಹೀ ಹ್ಯಾಸ್ ಎ ಟೇಬಲ್. ವೀ ಡೋಂಟ್ ಹ್ಯಾವ್ ಎ ಕರ್ಟನ್.”

ಅವಳ ಬೆರಳು ಗೇಟಿನ ಪಕ್ಕಕ್ಕೆ ತೋರಿತು. ಅಲ್ಲಿ ಅವಳ ಗಂಡ ನಿಂತಿದ್ದ. ಅವನ ಮುಂದೆ ಮೇಜಿರಲಿಲ್ಲ. ಪರದೇಶದ ಹೆಂಗಸು ಖಾಲಿ ನೆಲ ನೋಡಿದಳು, ಹುಬ್ಬೇರಿಸಿದಳು. ಸಾಹೇಬ ನಕ್ಕು, “ನೋ ಟೇಬಲ್ ಮೇಡಂ, ನೋ ಟೇಬಲ್,” ಎಂದು ಇನ್ನೂ ಏನೇನೋ ಹೇಳಿದ. ಆಮೇಲೆ ಇತ್ತ ತಿರುಗಿ, “ಹೇಳಯ್ಯಾ, ಇಲ್ಲಿ ಯಾವ ಮೇಜಿದೆ? ಸುಳ್ಳು ಹೇಳ್ತಾಳೆ ಇವಳು,” ಎಂದ.

ಸಾಲು ನಿಂತಿತು. ಹೆಂಡತಿ ಅವನತ್ತ ನೋಡಲಿಲ್ಲ. ನೋಡುವ ಅಗತ್ಯವಿಲ್ಲ, ಇವನ ಬ್ಯಾಗಿನಲ್ಲಿ ಏನಿದೆಯೆಂದು ನನಗೆ ಗೊತ್ತು ಎಂಬಂತೆ ನಿಂತಿದ್ದಳು.

ಅವನು ತಿರುಗಿ ನಡೆದ. ಹೆದರಿ ಓಡಿದ ಎಂದೇ ಎಲ್ಲರೂ ಅಂದುಕೊಂಡರು. ಶೆಡ್ಡಿನ ಹಿಂದೆ ತಗಡಿನ ಸದ್ದಾಯಿತು. ಮೇಜನ್ನು ಬಗಲಲ್ಲಿ ಸಿಕ್ಕಿಸಿಕೊಂಡು ಬಂದು, ಎಂದಿನ ಜಾಗದಲ್ಲಿ, ಸವೆದು ಗುಳಿಬಿದ್ದ ನೆಲದ ಗುರುತಿನಲ್ಲೇ ಕಾಲು ಬಿಚ್ಚಿ ನಿಲ್ಲಿಸಿದ. ಅದರ ಹಿಂದೆ ಹೋಗಿ ನಿಂತ.

“ಸಾರ್, ಇವಳ ಬ್ಯಾಗು ನಾನು ದಿನಾ ಬಿಚ್ಚಿ ನೋಡ್ತೀನಿ,” ಎಂದ. “ಮಗಳು ಕೂಸಾಗಿದ್ದಾಗಿಂದ ನೋಡ್ತಿದೀನಿ. ಒಂದು ದಿನಾನೂ ಸುಳ್ಳು ಸಿಕ್ಕಿಲ್ಲ.”

ಆಮೇಲೆ ಪರದೇಶದ ಹೆಂಗಸಿನ ಕಡೆ ತಿರುಗಿ, ತಗಡನ್ನು ಅಂಗೈಯಿಂದ ತಟ್ಟಿ, ಗಾಳಿಕಿಂಡಿಯ ಕೆಳಗೆ ಪುಕ್ಕಟೆ ಕಲಿತದ್ದನ್ನು ಹೇಳಿದ.

“ಐ ಹ್ಯಾವ್. ಐ ಹ್ಯಾವ್ ಟೇಬಲ್.”

ಸಾಹೇಬನ ನಗು ಬಾಯಲ್ಲೇ ಒಣಗಿತು. ಪರದೇಶದ ಹೆಂಗಸು ಮೇಜಿನ ಹತ್ತಿರ ಬಂದು ತಗಡಿನ ಮೇಲೆ ಬೆರಳಾಡಿಸಿದಳು. ಅಷ್ಟರಲ್ಲಿ ಅವನ ಹೆಂಡತಿ, ಯಾರೂ ಕರೆಯದೆಯೇ, ಮುಂದೆ ಬಂದು ಬ್ಯಾಗನ್ನು ಬೋರಲು ಮಾಡಿದಳು. ಡಬ್ಬಿ, ಬಾಚಣಿಗೆ, ಕನ್ನಡಕದ ಪೆಟ್ಟಿಗೆ, ಪಾಸು. ಕೊನೆಯಲ್ಲಿ ನೀಲಿ ಚೀಲ. ಅದು ಉರುಳಿ ಅವನ ಕೈ ಹತ್ತಿರ ಬಂದು ನಿಂತಿತು. ಅಭ್ಯಾಸದಿಂದ ಅವನ ಬೆರಳು ಲಾಡಿಯ ತನಕ ಹೋಯಿತು. ಅಲ್ಲೇ ನಿಂತಿತು. ಸಾಲಿನಲ್ಲಿದ್ದ ಗಂಡಸರು ಕತ್ತು ಚಾಚಿದ್ದನ್ನು ಪರದೇಶದ ಹೆಂಗಸು ನೋಡಿದಳು. ಅದಕ್ಕೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಪರದೇಶದ ಹೆಂಗಸು ಹೋಗಿ ಏನು ಹೇಳಿದಳೋ, ಕೆಲವು ವಾರಗಳಲ್ಲಿ ಗೇಟಿನ ಪಕ್ಕ ಹಸಿರು ಪರದೆಯ ಒಂದು ಗೂಡು ಬಂತು. ಒಳಗೆ ತಪಾಸಣೆಗೆ ಒಬ್ಬ ಹೆಂಗಸು ಬಂದಳು. ಎಕ್ಸ್‌ರೇಯನ್ನು ಹಿಂದಿನ ಲಾರಿ ಗೇಟಿಗೆ ಹಾಕಿದರು. ಬಿಸಿಲು, ಧೂಳು, ಬಟ್ಟೆ ಬೇಲುಗಳು. ಕೆಲಸ ಉಳಿಯಿತು, ಹೆಸರು ಹೋಯಿತು. ಲಾರಿಯವರಿಗೆ ಅವನು ಬರೀ ‘ಯಜಮಾನ್ರು’. ಇದು ಶಿಕ್ಷೆಯೋ ಕರುಣೆಯೋ ಎಂದು ಅವನು ಇನ್ನೂ ಅನುಮಾನಿಸುತ್ತಿದ್ದ.

ಮನೆಯಲ್ಲೂ ಎಲ್ಲ ತಿಳಿಯಾಯಿತು ಎನ್ನುವಂತಿಲ್ಲ. ಒಂದು ಸಂಜೆ ಹೆಂಡತಿ ಕೇಳಿಯೇ ಬಿಟ್ಟಳು. “ನಿಜ ಹೇಳಿ. ಆ ದಿನ ಮೇಜು ತಂದದ್ದು ನನ್ನ ಮಾನ ಉಳಿಸೋಕಾ, ಎಲ್ಲಾರ ಮುಂದೆ ಇನ್ನೊಂದು ಸಲ ಸುರಿಸೋಕಾ?”

“ಸುರಿ ಅಂತ ನಾನು ಅಂದ್ನಾ?”

“ಅನ್ನಲಿಲ್ಲ. ಆದ್ರೆ ಬೇಡ ಅಂತಾನೂ ಅನ್ನಲಿಲ್ಲ.”

ಅವನಿಗೇ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ. ಅವಳು ನಂಬಿದಳೋ ಬಿಟ್ಟಳೋ, ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.

ಮರುದಿನ ಮಧ್ಯಾಹ್ನ ಲಾರಿ ಗೇಟಿನ ನೆರಳಿನಲ್ಲಿ ಅವನು ತನ್ನ ಊಟದ ಚೀಲ ತೆರೆಯಲು ಹೋದಾಗ ಕೊಂಡಿಯ ಮೇಲೆ ಬಿಸಿಲಿಗೆ ಏನೋ ಮಿನುಗಿತು. ಕಣ್ಣಿಗೆ ಕಾಣದಂಥ ಬಿಳಿ ದಾರ, ದಾರದ ಟೇಬಲ್ಲಿನವರು ಹಾಕುವ ಸಣ್ಣ ಗಂಟು. ಅವನು ದಾರ ಹರಿದು ಚೀಲ ತೆರೆದ. ಇದು ಇವತ್ತೇ ಶುರುವಾದದ್ದೋ, ಎಷ್ಟು ದಿನದಿಂದ ಇದೆಯೋ? ಊಟ ಮುಗಿಸಿ, ಗೋಣಿಯಿಂದ ಒಂದು ಎಳೆ ಕಿತ್ತು, ಕನ್ನಡಕವಿಲ್ಲದ ಕಣ್ಣಿನಿಂದ ತಡವಿ ತಡವಿ ಮತ್ತೆ ಕಟ್ಟಿದ.

ಸಂಜೆ ಹೆಂಡತಿ ಚೀಲ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

“ಈ ಗಂಟು ನಂದಲ್ಲ,” ಎಂದಳು.